ಪಾರ್ವತಿಬಾಯಿ ಹೇಳಿದ ಮಂಗಳಾಷ್ಟಕ

ಮಹಾರಾಷ್ಟ್ರ ಗಡಿಯ ಉದಗೀರದಲ್ಲಿ ಲಗ್ನ ಮಾಡಿಸುವ ಅಯ್ಯನವರಾದ ಶಾಂತಯ್ಯ ಸ್ವಾಮಿಗಳ ಹೆಂಡತಿ ಪಾರ್ವತಿಬಾಯಿಗೆ ಲಗ್ನದ ಮಂತ್ರಗಳೆಲ್ಲ ಬಾಯಿಪಾಠ. ಗಂಡ ಪಡಸಾಲೆಯಲ್ಲಿ ಕೂತು ಹೇಳುವುದನ್ನು ಒಲೆ ಮುಂದೆ ರೊಟ್ಟಿ ಬಡಿಯುತ್ತಲೇ ಕಲಿತಿದ್ದಳು. ಆದರೆ ನಾಲ್ಕು ಮಂದಿ ಎದುರಿಗೆ ಬಂದರೆ ಸಾಕು, ಎದೆ ಡವಡವ, ಕೈ ನಡುಕ. ಬೀಗರಿಗೆ ಚಹಾ ಕೊಟ್ಟರೆ ಅರ್ಧ ಕಪ್ಪಿನ ಕೆಳಗಿನ ಬಸಿಗೇ ಚೆಲ್ಲುತ್ತಿತ್ತು.

ಸೊಸೆ ಶೀತಲ್ ಮಠದ ಅಂಗಳದಲ್ಲಿ ಹೆಂಗಸರಿಗೆ ಯೋಗ ಕಲಿಸುತ್ತಿದ್ದಳು. ಹೋದ ವರ್ಷ ಅತ್ತೆಯನ್ನೂ ಎಳೆದುಕೊಂಡು ಹೋದಳು.

"ಉಸುರು ಸಾವಕಾಶ ಬಿಡ್ರಿ ಅತ್ತಿ. ತಗೊಂಡದ್ದಕ್ಕಿಂತ ಬಿಡೋದು ಉದ್ದ ಆಗಬೇಕು. ಮಿದುಳಿನಿಂದ ಎದಿ ದಾಟಿ ಹೊಟ್ಟಿತನಾ ಒಂದು ದೊಡ್ಡ ನರ ಅದ. ಹಿಂಗ ಉಸುರು ಬಿಟ್ರ ಅದು ಎದಿ ಬಡಿತಕ್ಕ ಲಗಾಮ ಹಾಕ್ತದ."

"ಇಷ್ಟು ವರ್ಷ ಎಲ್ಲಿ ಮಲಗಿತ್ತವ್ವ ಅದು?" ಎಂದು ಪಾರ್ವತಿಬಾಯಿ ನಕ್ಕಳು. ಆದರೂ ಬಿಡಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ನಿದ್ದೆ ಗಟ್ಟಿಯಾಯಿತು, ಬಸಿ ಒಣಗಿಯೇ ಉಳಿಯತೊಡಗಿತು.

ಮಾಘದಲ್ಲಿ ಜಳಕೋಟದ ರೈತ ವೈಜನಾಥನ ಮಗಳು ಮೀನಲಳ ಲಗ್ನ. ಅವತ್ತು ಬೆಳಿಗ್ಗೆ ಶಾಂತಯ್ಯ ಬಾಯಿ ತೆರೆದರೆ ಬರೀ ಗಾಳಿ! ಗಂಟಲು ಪೂರ್ತಿ ಕಟ್ಟಿತ್ತು. ಮುಹೂರ್ತದ ದಿನ, ಉಳಿದ ಅಯ್ಯನವರೆಲ್ಲ ಒಂದೊಂದು ಊರು ಸೇರಿದ್ದರು.

"ನೀನೇ ಹೋಗು," ಎಂದು ಪಿಸುಗುಟ್ಟಿದ. "ನಿನಗ ಬರ್ತದ."

ಶೀತಲ್ ಆಗಲೇ ಸ್ಕೂಟಿ ಹೊರಗೆ ತೆಗೆದಿದ್ದಳು.

ಮಂಟಪ ಕಿಕ್ಕಿರಿದಿತ್ತು. "ಬಾಯಿ ಲಗ್ನ ಲಾವಣಾರ ಕಾ?" ಎಂದು ಹಿಂದೆ ಯಾರೋ ಮರಾಠಿಯಲ್ಲಿ ಗೊಣಗಿದ್ದು ಕೇಳಿಸಿತು. ಹೆಂಗಸು ಲಗ್ನ ಮಾಡಿಸುತ್ತಾಳಾ ಎಂದು ಉಳಿದವರೂ ಕತ್ತು ಚಾಚಿದರು. ಮೈಕು ಹಿಡಿದ ಪಾರ್ವತಿಬಾಯಿಯ ಎದೆ ಹಿಂದಿನ ಹಾಗೆಯೇ ಓಡತೊಡಗಿತು. ಕಣ್ಣು ಮುಚ್ಚಿದಳು. ಹೊಟ್ಟೆ ತುಂಬ ಉಸಿರು ಎಳೆದು, ಹಾಲಿನ ಕೆನೆ ಊದಿದ ಹಾಗೆ ಮೆಲ್ಲಗೆ, ಉದ್ದಕ್ಕೆ ಬಿಟ್ಟಳು. ಮತ್ತೊಮ್ಮೆ ಬಿಟ್ಟಳು. ಹೆದರಿಕೆ ಪೂರ್ತಿ ಹೋಗಲಿಲ್ಲ. ಆದರೆ ಬೆರಳು ನಡುಗುವುದನ್ನು ಬಿಟ್ಟವು, ನಾಲಿಗೆ ಸಡಿಲಾಯಿತು.

ದನಿ ಎತ್ತಿದಳು ನೋಡಿ, ಮಂಟಪ ಗಪ್ಪಾಯಿತು! ಸಂಸ್ಕೃತದ ಮಂಗಳಾಷ್ಟಕ ಮುಗಿಸಿ ಕನ್ನಡದ್ದಕ್ಕೆ ಬಂದಳು, ಕನ್ನಡದಿಂದ ಮರಾಠಿಗೆ ಹೊರಳಿದಳು. ನಡುವೆ ಒಂದು ಸಾಲು ತಪ್ಪಿತು. ನಿಂತು, ಉಸಿರು ಬಿಟ್ಟು, ಮತ್ತೆ ಹಿಡಿದಳು. ಕೊನೆಯ "ಸಾವಧಾನ" ಅಂದದ್ದೇ ತಡ, ಅಕ್ಷತೆ ಮಳೆಯ ಹಾಗೆ ಬಿತ್ತು, ವಾಜಂತ್ರಿ ಮೊಳಗಿತು.

ವೈಜನಾಥ ಬಂದು ಕೈಮುಗಿದ. "ಸಣ್ಣಾಕಿ ಲಗ್ನಕ್ಕೂ ನೀವೇ ಬರಬೇಕ್ರಿ ಅಮ್ಮನವರೇ."

"ಬರ್ತೀನ್ರಿ," ಅಂದುಬಿಟ್ಟಳು, ಗಂಡನನ್ನು ಕೇಳಬೇಕೆಂಬುದೂ ನೆನಪಾಗದೆ.

ತಿರುಗಿ ಬರುವಾಗ ಬಸ್‌ಸ್ಟ್ಯಾಂಡಿನ ಹತ್ತಿರ ಸ್ಕೂಟಿ ನಿಲ್ಲಿಸಲು ಹೇಳಿ, ಬಿಸಿ ಮಿರ್ಚಿಭಜಿ ತಿನ್ನುತ್ತ, ಪಕ್ಕದಲ್ಲೇ ನಿಂತು ಎಲ್ಲ ನೋಡಿದ್ದ ಸೊಸೆಗೇ ಇಡೀ ಲಗ್ನವನ್ನು ಮೊದಲಿನಿಂದ ಹೇಳಿದಳು.