ವಾರ್ತೆ ಓದುವವಳ ಹಣೆ ಕತ್ತರಿಸಿದ ದೊಡ್ಡಪ್ಪ

ಇವತ್ತು ಕೊಪ್ಪಳದಲ್ಲಿ ಗುಜರಿ ಗಾಡಿಯ ಮೇಲೆ ಬೆನ್ನು ಉಬ್ಬಿದ ಹಳೆಯ ಟಿವಿಯೊಂದನ್ನು ಕಂಡೆ. ತಕ್ಷಣ ನೆನಪಾದದ್ದು ಅಳವಂಡಿಯ ನಮ್ಮ ಮನೆ, ಮತ್ತು ಟಿವಿ ರಿಪೇರಿ ತನ್ನೊಬ್ಬನಿಗೇ ಗೊತ್ತೆಂದು ನಂಬಿದ್ದ ದೊಡ್ಡಪ್ಪ.

ಒಂದು ಸಂಜೆ ಚಿತ್ರ ನಾಲ್ಕೂ ಕಡೆಯಿಂದ ಕುಗ್ಗಿ, ಸುತ್ತ ಕಪ್ಪು ಪಟ್ಟಿ ಬಿತ್ತು. ಬಾಗಿಲ ಮರೆಯಿಂದ ಅವ್ವ ಮೆಲ್ಲಗೆ ಹೇಳಿದಳು: “ಬಲ್ಬೂ ಮಂಕಾಗೈತ್ರಿ ಭಾವಾರ. ಹೊಲದಾಗ ಪಂಪ್‌ಸೆಟ್ ಹಚ್ಚ್ಯಾರ, ಕರೆಂಟ್ ಕಡಿಮಿ ಬರಾಕತ್ತೈತಿ.”

“ಒಲಿ ಮುಂದ ಕುಂದ್ರಾಕಿಗೆ ಟಿವಿ ಏನ್ ತಿಳಿತೈತಿ? ಸುಮ್ಕಿರು,” ಎಂದ ದೊಡ್ಡಪ್ಪ ಟಿವಿಯ ಬೆನ್ನಿನ ತೂತಿಗೆ ಸ್ಕ್ರೂಡ್ರೈವರ್ ತೂರಿಸಿ ಒಳಗಿನ ಸ್ಕ್ರೂ ತಿರುಗಿಸಿದರು. ಚಿತ್ರ ಮೇಲಕ್ಕೂ ಕೆಳಕ್ಕೂ ಹಿಗ್ಗಿತು. ಮೀಸೆ ತಿರುವಿ ಚಹಾ ತರಿಸಿಕೊಂಡರು.

ಪಂಪುಗಳು ನಿಂತು ಕರೆಂಟ್ ಸರಿಯಾದಾಗ ಚಿತ್ರ ಗಾಜನ್ನೂ ಮೀರಿ ಬೆಳೆಯಿತು. ವಾರ್ತೆ ಓದುವವಳಿಗೆ ಹಣೆಯೇ ಇಲ್ಲ!

“ಕ್ಯಾಮರಾದವ ಭಾಳ ಹತ್ರ ನಿಂತಾನ,” ಎಂದರು ಆ ಮಹಾಪಂಡಿತರು, ಒಂದಿಷ್ಟೂ ನಾಚಿಕೆಯಿಲ್ಲದೆ. ನೋಡಲು ಬಂದಿದ್ದ ಓಣಿಯವರೂ ಹೌದ್ಹೌದು ಎಂದರು.

ಮರುದಿನ ಅವರು ಗಂಗಾವತಿಗೆ ಹೋದಾಗ ಅವ್ವ ಟಿವಿಯ ಮುಂದೆ ಕನ್ನಡಿ ನಿಲ್ಲಿಸಿ, ಅದರಲ್ಲಿ ಚಿತ್ರ ನೋಡುತ್ತಾ ಅದೇ ತೂತಿನಲ್ಲಿ ಸ್ಕ್ರೂ ತಿರುಗಿಸಿ ಹಣೆಯನ್ನು ಮರಳಿ ತಂದಳು. ದೊಡ್ಡಪ್ಪ ಬಂದು ಟಿವಿ ಹಚ್ಚಿದವರೇ, “ನನ್ನ ರಿಪೇರಿ ಹೆಂಗೈತಿ ನೋಡ್ರಿ!” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದರು. ಅವ್ವ ರೊಟ್ಟಿ ಬಡಿಯುತ್ತಲೇ ಇದ್ದಳು.

ಆ ಮನುಷ್ಯನ ಮೇಲೆ ನನಗೆ ಇಂದಿಗೂ ಗೌರವ ಹುಟ್ಟಿಲ್ಲ. ಈಗಷ್ಟೇ ಅವ್ವನಿಗೆ ಫೋನ್ ಮಾಡಿ ಕೇಳಿದೆ: “ಅವತ್ತು ನಾನ ಮಾಡೀನಿ ಅಂತ ಯಾಕ ಹೇಳಲಿಲ್ಲ ಅವ್ವಾ?”

“ಹೇಳಿದ್ರ ತಿಳ್ಕೊಳ್ಳೋ ಮನಶ್ಯಾ ಆಗಿದ್ರ, ಮೊದಲ ಸಲ ಹೇಳಿದಾಗ ತಿಳಿತಿತ್ತಲ್ಲ,” ಎಂದಳು.