ಅಪ್ಪ ತಟ್ಟಿದ ಒಬ್ಬಟ್ಟು

ಇವತ್ತು ಜಯನಗರದ ಅಂಗಡಿಯೊಂದರ ಮುಂದೆ ಬಿಸಿ ಒಬ್ಬಟ್ಟಿನ ಘಮ ಮೂಗಿಗೆ ಬಡಿದದ್ದೇ ತಡ, ನಾನು ತ್ಯಾಗರಾಜನಗರದ ನಮ್ಮ ಹಳೆಯ ಅಡುಗೆಮನೆಯಲ್ಲಿದ್ದೆ!

ನಾನು ಚಿಕ್ಕವಳಿದ್ದಾಗ ಒಂದು ಯುಗಾದಿಯ ದಿನ ಹೂರಣ ರುಬ್ಬಿ, ಕಣಕ ಕಲಸಿಟ್ಟ ಮೇಲೆ ಅಜ್ಜಿ ಜಾರಿ ಬಿದ್ದು ಕೈ ಉಳುಕಿಸಿಕೊಂಡರು. ನರ್ಸ್ ಆಗಿದ್ದ ಅಮ್ಮನಿಗೆ ಹಬ್ಬದಲ್ಲೂ ಡ್ಯೂಟಿ. "ಈ ಸಲ ಒಬ್ಬಟ್ಟಿಲ್ಲ ಪುಟ್ಟಿ," ಎಂದು ಅಜ್ಜಿ ಹೇಳಿದಾಗ ನಾನು ಅತ್ತೇಬಿಟ್ಟೆ.

ಕಾಫಿ ಮಾಡಲೂ ಬಾರದ ಅಪ್ಪ ಪಂಚೆ ಎತ್ತಿಕಟ್ಟಿ, ಬಾಳೆಎಲೆಗೆ ಎಣ್ಣೆ ಸವರಿ ಕೂತು ಅಜ್ಜಿಗೆ ಹೇಳಿದರು, "ಅಮ್ಮಾ, ನೀನು ಹೇಳ್ತಾ ಹೋಗು, ನಾನು ತಟ್ತೀನಿ."

"ಮೆತ್ತಗೆ ಕಣೋ! ಅದೇನು ನಿಮ್ಮಾಫೀಸ್ ಸೀಲಾ, ಹಂಗೆ ಗುದ್ದೋಕೆ?"

ಮೊದಲನೆಯದು ಹರಿದು ಹೂರಣವೆಲ್ಲ ಕಾವಲಿಗೆ ಅಂಟಿತು. ಎರಡನೆಯದೂ ಹಾಗೇ ಆಯಿತು. ಮೂರನೆಯದು ಅಂಕುಡೊಂಕಾಗಿದ್ದರೂ ಹರಿಯದೆ ಉಬ್ಬಿ ಬಂತು! ನಾನು ಚಪ್ಪಾಳೆ ತಟ್ಟಿ ಕುಣಿದೆ.

ಡ್ಯೂಟಿ ಮುಗಿಸಿ ಬಂದ ಅಮ್ಮ ಬಾಗಿಲಲ್ಲೇ ನಿಂತಳು. "ನೀವ್ ಮಾಡಿದ್ರಾ?"

ಅಪ್ಪ ಎಲೆ ಹಾಕಿ, ಅವಳನ್ನು ಕೂರಿಸಿ, ತುಪ್ಪ ಸುರಿದು ಬಡಿಸಿದರು. ಹಬ್ಬದ ದಿನ ಅಮ್ಮ ನಮಗಿಂತ ಮೊದಲು ಉಂಡದ್ದನ್ನು ನಾನು ನೋಡಿದ್ದು ಅವತ್ತೇ.

ಎಪ್ಪತ್ತು ದಾಟಿದರೂ ಈಗಲೂ ಯುಗಾದಿಯ ಒಬ್ಬಟ್ಟು ಅಪ್ಪನದೇ. ನಾಳೆ ಹಬ್ಬ. ಈಗಷ್ಟೇ ಫೋನ್ ಮಾಡಿ, "ಬೇಗ ಬಾ, ಬಿಸಿಬಿಸಿ ತಿನ್ಬೇಕು," ಎಂದರು.