ಐದು ಪ್ರಶ್ನೆಗಳಿಗೂ ಸರಿಯುತ್ತರ

ಡಾಕ್ಟರ್ ಚಾಮರಾಜ ಭಾರತದ ಪರವಾಗಿ ರಗ್ಬಿ ಆಡಿದವರು ಎಂದರೆ ಬ್ರಿಸ್ಬೇನಿನ ಕನ್ನಡಿಗರು ಮೊದಲು ನಗುತ್ತಾರೆ. ಕ್ರಿಕೆಟ್ ಬಿಟ್ಟರೆ ನಮ್ಮವರ ಕಣ್ಣಿಗೆ ಬೇರೆ ಆಟ ಕಾಣುವುದುಂಟೇ? ಆದರೆ ಆಡಿದ್ದು ನಿಜ. ತೊಂಬತ್ತರ ದಶಕದ ಕೊನೆಗೆ, ದೇಶದ ತಂಡ ಇನ್ನೂ ಅಂಬೆಗಾಲಿಡುತ್ತಿದ್ದಾಗ, ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಓದುತ್ತಲೇ ಮೂರು ಅಂತರರಾಷ್ಟ್ರೀಯ ಪಂದ್ಯ ಆಡಿದರು. ಮೂರರಲ್ಲೂ ತಂಡ ಮಣ್ಣು ಮುಕ್ಕಿತು. ಮಗನ ಹುಬ್ಬಿನ ಹೊಲಿಗೆ ನೋಡಿ ಅವರ ತಾಯಿ, "ಒಂದು ಚೆಂಡಿಗೋಸ್ಕರ ಇಷ್ಟು ಹೊಡೆದಾಡ್ಬೇಕೇನೋ? ಅಂಗಡೀಲಿ ಇನ್ನೊಂದು ತಂದ್ಕೊಡ್ತೀನಿ ಬಿಡು" ಎಂದಿದ್ದರಂತೆ.

ಆಮೇಲೆ ಪರ್ತ್. ಹಗಲೆಲ್ಲ ಪೆಟ್ರೋಲ್ ಬಂಕಿನಲ್ಲಿ ಬಿಲ್ಲು ಹಾಕುತ್ತ, ಬಿಡುವಿನಲ್ಲಿ ಓದಿ, ಎರಡನೇ ಸಲಕ್ಕೆ ಇಲ್ಲಿನ ವೈದ್ಯಕೀಯ ಪರೀಕ್ಷೆ ಪಾಸು ಮಾಡಿದರು. ಅಡಿಲೇಡಿನಲ್ಲಿ ಕೆಲಸ ಸಿಕ್ಕಿತು, ಮಗಳು ನಿಹಾರಿಕಾ ಹುಟ್ಟಿದಳು. ಕೊನೆಗೆ ಬ್ರಿಸ್ಬೇನಿನ ರನ್‌ಕಾರ್ನ್‌ನಲ್ಲಿ ಮನೆ, ಇಪ್ಸ್‌ವಿಚ್‌ನಲ್ಲಿ ತುರ್ತು ಚಿಕಿತ್ಸೆಯ ಕೆಲಸ. ತಲೆಗೆ ಪೆಟ್ಟಾದವರು ಬಂದರೆ, ಇವರು ಯಾವಾಗಲೂ ಹೀಗೆಯೇ ಇರುತ್ತಾರಾ ಎಂದು ಮನೆಯವರನ್ನು ಕೇಳಿ, ಸ್ಕ್ಯಾನ್ ಆಮೇಲೆ ನೋಡಿ ಎಂದು ಕಿರಿಯ ಡಾಕ್ಟರುಗಳಿಗೆ ಹೇಳಿ ಹೇಳಿ ಅವರ ಬಾಯಿ ನೋಯುತ್ತಿತ್ತು.

ನಿಹಾರಿಕಾ ಒಂಬತ್ತನೇ ವಯಸ್ಸಿಗೇ ರಗ್ಬಿ ಹಿಡಿದಳು. ಹೆಂಡತಿ ಬನಶಂಕರಿಗೆ ಅದು ಎಳ್ಳಷ್ಟೂ ಇಷ್ಟವಿರಲಿಲ್ಲ. ಮಗಳ ಕ್ಲಬ್ಬಿಗೆ ಗಂಡನೇ ಪುಕ್ಕಟೆ ಡಾಕ್ಟರಾಗಿ ಪ್ರತಿ ಶನಿವಾರ ಮೈದಾನದ ಅಂಚಿನಲ್ಲಿ ನಿಲ್ಲುತ್ತಾರಲ್ಲ, ಅದೊಂದೇ ಅವಳ ಧೈರ್ಯ.

ಚಾಮರಾಜರಿಗೆ ಇದ್ದದ್ದು ಒಂದೇ ಕೊರಗು. ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಬಾಯಿಂದ ಮಾತ್ರ ಬರುತ್ತಿರಲಿಲ್ಲ. "ಊಟ ಆಯ್ತಾ ಪುಟ್ಟಾ?" ಎಂದರೆ "ಯಾ, ಹ್ಯಾಡ್ ಅ ಪೈ" ಎನ್ನುವಳು. ಪುಸಲಾಯಿಸಿದರು, ಎರಡು ದಿನ ಮುನಿಸಿಕೊಂಡೂ ನೋಡಿದರು. ಊಹೂಂ.

ಅವಳಿಗೆ ಹದಿನೇಳಾಗಿದ್ದ ಆ ಶನಿವಾರ, ಎದುರಾಳಿಯ ಮೊಣಕಾಲು ಅವಳ ತಲೆಗೆ ಬಡಿಯಿತು. ಬಿದ್ದವಳು ತಾನೇ ಎದ್ದಳು. ಅಪ್ಪ ಓಡಿದರು. ಇದು ಯಾವ ಮೈದಾನ, ಎಷ್ಟನೇ ಅರ್ಧ, ಕೊನೆಯ ಅಂಕ ಯಾರದು, ಹೋದ ವಾರ ಯಾರ ಮೇಲೆ ಆಡಿದಿರಿ, ಗೆದ್ದವರು ಯಾರು? ವಾಡಿಕೆಯ ಐದು ಪ್ರಶ್ನೆಗಳನ್ನು ಇಂಗ್ಲಿಷಿನಲ್ಲೇ ಕೇಳಿದರು. ಅವಳು ಐದಕ್ಕೂ ಸರಿಯುತ್ತರ ಕೊಟ್ಟಳು. ಕನ್ನಡದಲ್ಲಿ.

"ಹೋದ ವಾರ ನಾವೇ ಗೆದ್ವಿ ಅಪ್ಪಾ. ನಂಗೇನೂ ಆಗಿಲ್ಲ, ಆಡ್ತೀನಿ ಬಿಡು" ಎಂದಳು.

ಸಂಶಯವಿದ್ದರೆ ಹೊರಗೆ ಕೂರಿಸು ಎಂಬುದು ಆಟದ ನಿಯಮ. ಸಂಶಯಕ್ಕೆ ಎಡೆಯೆಲ್ಲಿತ್ತು? ಮನುಷ್ಯ ಹಿರಿಹಿರಿ ಹಿಗ್ಗಿಹೋಗಿದ್ದರು. ಬೇರೆ ಯಾರ ಮಗಳಾದರೂ ಹೀಗೆ ಇದ್ದಕ್ಕಿದ್ದಂತೆ ಭಾಷೆ ಬದಲಿಸಿದ್ದರೆ ತಕ್ಷಣ ಆಂಬುಲೆನ್ಸ್ ಕರೆಸುತ್ತಿದ್ದ ಡಾಕ್ಟರು, ತಮ್ಮ ಮಗಳ ಬೆನ್ನು ತಟ್ಟಿ ಒಳಕ್ಕೆ ಕಳಿಸಿದರು. ಹತ್ತು ನಿಮಿಷಕ್ಕೆ ಅವಳು ಮತ್ತೆ ಬಿದ್ದಳು. ಅದೇನು ದೊಡ್ಡ ಪೆಟ್ಟೂ ಅಲ್ಲ, ಆದರೆ ಮೊದಲ ಪೆಟ್ಟಿಗೇ ನಲುಗಿದ್ದ ಮೆದುಳು ಅದನ್ನು ತಡೆಯಲಿಲ್ಲ. ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡಳು.

ಎಂಟು ತಿಂಗಳ ನಂತರ ಕೋರ್ಟಿನಲ್ಲಿ ಸಾವಿನ ವಿಚಾರಣೆ ನಡೆಯಿತು. ಮೈದಾನದಲ್ಲಿ ಚಾಮರಾಜರು ತುಂಬಿದ್ದ ಚೀಟಿಯಲ್ಲಿ ಐದು ಉತ್ತರಗಳ ಮುಂದೂ ಸರಿ ಗುರುತಿತ್ತು. ಅವಳು ಉತ್ತರಿಸಿದ್ದು ಯಾವ ಭಾಷೆಯಲ್ಲೆಂದು ಚಾಮರಾಜರೊಬ್ಬರಿಗೇ ಗೊತ್ತು. ಬನಶಂಕರಿಗೂ ಹೇಳಿರಲಿಲ್ಲ, ಹೇಳುವ ಎದೆ ಇರಲಿಲ್ಲ. ಕೇಳಿದ್ದಕ್ಕಷ್ಟೇ ಉತ್ತರಿಸಿ, ಹೆಚ್ಚಿಗೆ ಮಾತಾಡಿದರೆ ಡಾಕ್ಟರಿಕೆಯೇ ಹೋದೀತು ಎಂದು ವಕೀಲರು ಎಚ್ಚರಿಸಿದ್ದರು.

ಯಾರೂ ಕೇಳಲಿಲ್ಲ. ಬನಶಂಕರಿಯ ಎದುರಿಗೇ, ಮಗಳು ಕನ್ನಡದಲ್ಲಿ ಉತ್ತರಿಸಿದ್ದನ್ನು ಅವರೇ ಹೇಳಿದರು. ಮಗಳು ಮಗಳಂತೆ ಇರಲಿಲ್ಲ, ಅದು ತನಗೆ ತಿಳಿಯಬೇಕಿತ್ತು, ತಿಳಿಯುವುದು ತನಗೊಬ್ಬನಿಗೇ ಸಾಧ್ಯವಿತ್ತು, ತಾನು ಖುಷಿಪಟ್ಟುಕೊಂಡು ಕಳಿಸಿದೆ ಎಂದರು. ವಕೀಲರು ತಲೆ ತಗ್ಗಿಸಿದರು.

ಹೊರಗಿನ ಬೆಂಚಿನ ಮೇಲೆ ಹೆಂಡತಿಯ ಪಕ್ಕ ಕೂತರು. ಅವಳು ಕೆನ್ನೆಗೆ ಹೊಡೆಯಲಿ, ಎದ್ದು ಹೋಗಲಿ, ಯಾವುದಕ್ಕೂ ಸಿದ್ಧರಾಗಿದ್ದರು. ಅವಳು ಅವರ ಕೋಟಿನ ತೋಳು ಹಿಡಿದುಕೊಂಡಳು.

"ರೀ, ನಿಜವಾಗ್ಲೂ ಕನ್ನಡದಲ್ಲೇ ಅಂದ್ಲಾ? ಏನಂದ್ಲು? ಅವಳಂದ ಹಾಗೇ ಹೇಳಿ."

ಚಾಮರಾಜ ಹೇಳಿದರು. ಬನಶಂಕರಿ ಕಣ್ಣು ಮುಚ್ಚಿ ಕೇಳಿಸಿಕೊಂಡಳು.

"ಇನ್ನೊಂದ್ಸಲ ಹೇಳಿ" ಎಂದಳು.